ಗಾಡಿಯ ನಾಡಿ

ನಾನು ಕನ್ನಡದ ಅಧ್ಯಾಪಕ. ಕಂದಪದ್ಯದಲ್ಲಿ ಒಂದು ಮಾತ್ರೆ ಹೆಚ್ಚುಕಡಿಮೆಯಾದರೆ ನನ್ನ ಕಿವಿಗೆ ಕೂಡಲೆ ತಿಳಿಯುತ್ತದೆ. ಆದರೆ ಮೋಟಾರಿನ ನಾಲ್ಕು ಸಿಲಿಂಡರುಗಳಲ್ಲಿ ಒಂದು ನಿಂತೇಹೋದರೂ ತಿಳಿಯುವುದಿಲ್ಲ. ಇಂಥವನು ಹೋದ ವರ್ಷ ಆರು ತಿಂಗಳ ಕಾಲ, ಗಾಡಿಯ ರೋಗವನ್ನು ಓದಿ ಹೇಳುವ ಯಂತ್ರವೊಂದನ್ನು ಆರಿಸುವುದರಲ್ಲಿ ಕಳೆದನೆಂದರೆ ನನ್ನ ಸಹೋದ್ಯೋಗಿಗಳು ನಗುತ್ತಾರೆ. ಮನೆಯಲ್ಲಿ ನಗಲಿಲ್ಲ. ರಾತ್ರಿ ಹನ್ನೊಂದರವರೆಗೆ ಮೊಬೈಲು ಹಿಡಿದು ಆ ಯಂತ್ರಗಳ ಗುಣದೋಷಗಳನ್ನು ಓದುತ್ತ ಕುಳಿತವನನ್ನು ನೋಡಿ ನನ್ನ ಹೆಂಡತಿ, “ಪಿಎಚ್.ಡಿ. ಮಾಡ್ರಿ ಅಂದಾಗ ಇಷ್ಟು ಓದಿದ್ರ ಇಷ್ಟೊತ್ತಿಗೆ ಮುಗದಿರ್ತಿತ್ತು” ಎಂದಳು. ಮಾತಿನಲ್ಲಿ ಸತ್ಯವಿತ್ತು, ಸುಮ್ಮನಾದೆ.

ಯಂತ್ರ ಬೇಕಾದದ್ದು ನನಗಲ್ಲ, ನನ್ನ ತಮ್ಮನಿಗೆ. ನಮ್ಮೂರು ಕರೋಶಿಯಲ್ಲಿ, ಚಿಕ್ಕೋಡಿಯ ಕಡೆಗೆ ಹೋಗುವ ರಸ್ತೆಯ ಮೇಲೆ ಅವನ ಗ್ಯಾರೇಜು ಇದೆ. ಗ್ಯಾರೇಜೆಂದರೆ ಒಂದು ತಗಡಿನ ಮಾಡು, ಎರಡು ಗಾಡಿ ನಿಲ್ಲುವಷ್ಟು ಜಾಗ, ಮೂರನೆಯದು ಬಂದರೆ ಅದಕ್ಕೆ ಬೇವಿನ ಮರದ ನೆರಳು. 1999ರಲ್ಲಿ ಅಪ್ಪ ತೀರಿಕೊಂಡಾಗ ನಾನು ಬಿ.ಎ. ಎರಡನೆಯ ವರ್ಷದಲ್ಲಿದ್ದೆ, ಅವನು ಎಸ್.ಎಸ್.ಎಲ್.ಸಿ. ಮುಗಿಸಿದ್ದ. ಇಬ್ಬರೂ ಓದುವಂತಿರಲಿಲ್ಲ. ಯಾರು ಬಿಡಬೇಕೆಂಬ ಮಾತು ಮನೆಯಲ್ಲಿ ಏಳಲೇ ಇಲ್ಲ. ಒಂದು ಸೋಮವಾರ ಬೆಳಿಗ್ಗೆ ಅವನು ಬುತ್ತಿ ಕಟ್ಟಿಸಿಕೊಂಡು ನಿಪ್ಪಾಣಿಯ ಒಬ್ಬ ಮಿಸ್ತ್ರಿಯ ಕೈಕೆಳಗೆ ಕೆಲಸ ಕಲಿಯಲು ಹೊರಟುಹೋದ. ಅವನ ಪಗಾರದಲ್ಲಿ ನಾನು ಧಾರವಾಡದಲ್ಲಿ ಎಂ.ಎ. ಮಾಡಿದೆ. ಈ ಸಂಗತಿಯನ್ನು ಅವನು ಎಂದೂ ಎತ್ತಿ ಆಡಿದವನಲ್ಲ. ಆಡಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲವೇನೋ.

ಕೆಲಸದಲ್ಲಿ ಅವನ ಕಿವಿ ದೊಡ್ಡದು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಆನಿಸಿ, ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ನಿಂತನೆಂದರೆ ಹಳೆಯ ವೈದ್ಯರು ನಾಡಿ ಹಿಡಿದಂತೆ. ಗಾಡಿ ಇನ್ನೂ ರಸ್ತೆಯ ತಿರುವಿನಲ್ಲಿರುವಾಗಲೇ ಅದರ ದೋಷವನ್ನು ಹೇಳಿದ್ದನ್ನು ನಾನು ಕೇಳಿದ್ದೇನೆ. ಮಾರ್ಷಲ್ಲು, ಟ್ರ್ಯಾಕ್ಸು, ಹಳೆಯ ಅಂಬ್ಯಾಸಿಡರುಗಳ ಕಾಲದಲ್ಲಿ ಇದು ಸಾಕಾಗುತ್ತಿತ್ತು. ಈಗಿನ ಗಾಡಿಗಳಿಗೆ ಸಾಲದು. ಚಾಲಕನ ಇದಿರಿಗೆ ಎಂಜಿನ್ನಿನ ಆಕಾರದ ಹಳದಿ ದೀಪವೊಂದು ಹೊತ್ತಿಕೊಳ್ಳುತ್ತದೆ. ಸದ್ದಿಲ್ಲ, ಹೊಗೆಯಿಲ್ಲ, ದೀಪ ಮಾತ್ರ. ಗಿರಾಕಿ ಬಂದು ಕೇಳುವ ಮೊದಲ ಮಾತು, “ಸ್ಕ್ಯಾನರ್ ಐತೇನ ಮಿಸ್ತ್ರಿ?” ಇಲ್ಲವೆಂದರೆ ಗಾಡಿ ಹಾಗೆಯೇ ಚಿಕ್ಕೋಡಿಗೋ ನಿಪ್ಪಾಣಿಗೋ ಮುಂದೆ ಹೋಗುತ್ತದೆ. ಒಂದು ದೀಪಾವಳಿಯ ಸಂಜೆ ಅವನು ನನ್ನ ಮುಂದೆ ಬಂದು ಕುಳಿತು, “ಅಣ್ಣಾ, ಈಗಿನ ಗಾಡಿ ನನ್ನ ಕೂಡ ಮಾತಾಡೂದ ಬಿಟ್ಟಾವ. ಕಂಪ್ಯೂಟರ್ ಮುಂದ ಅಷ್ಟ ಬಾಯಿ ಬಿಡ್ತಾವ. ನಿನಗ ಇಂಗ್ಲೀಷ ಬರ್ತೈತಿ. ಯಾವ ಸ್ಕ್ಯಾನರ್ ತಗೋಬೇಕು, ನೀನ ಓದಿ ಹೇಳು” ಎಂದ. ಇಪ್ಪತ್ತೈದು ವರ್ಷದಲ್ಲಿ ಅವನು ನನ್ನನ್ನು ಕೇಳಿದ ಮೊದಲನೆಯ ಸಹಾಯ ಅದು.

ಓದಲು ಕುಳಿತೆ. ಓದುತ್ತ ಹೋದಂತೆ, ನಾಚಿಕೆಯೇಕೆ, ರುಚಿ ಹತ್ತಿತು. ಗಾಡಿಯೊಳಗಿನ ಗಣಕ ತನ್ನ ಅಂಗಾಂಗಗಳನ್ನು ತಾನೇ ಪರೀಕ್ಷಿಸಿಕೊಂಡು, ತಪ್ಪು ಕಂಡಲ್ಲಿ ಒಂದು ಗುರುತನ್ನು ಬರೆದಿಡಬೇಕೆಂಬ ಕಟ್ಟಳೆ ಮೊದಲು ಬಂದದ್ದು ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ, 1988ರ ಮಾದರಿಯ ಕಾರುಗಳಿಗೆ. ಉದ್ದೇಶ ರಿಪೇರಿಯದಲ್ಲ, ಹೊಗೆಯದು, ಗಾಳಿ ಕೆಡಬಾರದೆಂದು. 1996ರಿಂದ ಇಡೀ ಅಮೆರಿಕದಲ್ಲಿ ಎಲ್ಲ ಕಂಪನಿಗಳ ಕಾರುಗಳಿಗೂ ಹದಿನಾರು ಮೊಳೆಗಳ ಒಂದೇ ಬಗೆಯ ಕಪ್ಲರ್ ಕಡ್ಡಾಯವಾಯಿತು. ನಮ್ಮ ದೇಶದಲ್ಲಿ ಭಾರತ್ ಸ್ಟೇಜ್ 4ರ ಗಾಡಿಗಳಿಗೆ 2010ರ ಏಪ್ರಿಲಿನಿಂದ ಮೊದಲ ಹಂತವೂ, 2013ರ ಏಪ್ರಿಲಿನಿಂದ ಎರಡನೆಯ ಹಂತವೂ ಬಂದುವು. ಸ್ಟೀರಿಂಗಿನ ಕೆಳಗೆ, ಮೊಣಕಾಲಿನ ಮೇಲೆ ಕೈಯಾಡಿಸಿದರೆ ಆ ಕಪ್ಲರ್ ಸಿಕ್ಕುತ್ತದೆ. ನನ್ನ ಗಾಡಿಯಲ್ಲಿಯೂ ಇತ್ತು. ಒಂಬತ್ತು ವರ್ಷ ಓಡಿಸಿಯೂ ನಾನು ಕಂಡಿರಲಿಲ್ಲ.

ಆ ತಪ್ಪಿನ ಗುರುತುಗಳಿಗೆ ಒಂದು ವ್ಯಾಕರಣವೇ ಇದೆ. ಮೊದಲು ಒಂದು ಅಕ್ಷರ, ಆಮೇಲೆ ನಾಲ್ಕು ಅಂಕೆ. ‘ಪಿ’ ಎಂದರೆ ಎಂಜಿನ್ನು ಮತ್ತು ಗೇರು, ‘ಸಿ’ ಎಂದರೆ ಬ್ರೇಕು ಮೊದಲಾದ ಕೆಳಮೈ, ‘ಬಿ’ ಎಂದರೆ ಗಾಡಿಯ ಮೈಕಟ್ಟು, ‘ಯು’ ಎಂದರೆ ಒಳಗಿನ ಗಣಕಗಳು ಒಂದರೊಡನೊಂದು ಮಾತು ಬಿಟ್ಟಿವೆಯೆಂದು. ಮೊದಲ ಅಂಕೆ ಸೊನ್ನೆಯಾದರೆ ಎಲ್ಲ ಕಂಪನಿಗಳಿಗೂ ಸಾಮಾನ್ಯವಾದ ಅರ್ಥ. ಒಂದಾದರೆ ಆ ಕಂಪನಿಯ ಸ್ವಂತ ಅರ್ಥ. ಇಷ್ಟು ಅಡಕವಾಗಿ ಹೇಳುವುದನ್ನು ಕಂಡಿದ್ದರೆ ಕೇಶಿರಾಜನೂ ತಲೆದೂಗುತ್ತಿದ್ದ. ನಾನಂತೂ ತಲೆದೂಗಿದೆ, ಸೂತ್ರ ತಿಳಿಯಿತು, ಇನ್ನೇನು, ವಿದ್ಯೆಯೇ ಕೈಗೆ ಬಂತು ಎಂದುಕೊಂಡೆ.

ಪೇಟೆಯಲ್ಲಿ ಐದಾರುನೂರು ರೂಪಾಯಿಯಿಂದ ಹಿಡಿದು ಲಕ್ಷಗಳವರೆಗೆ ಯಂತ್ರಗಳಿದ್ದುವು. ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಒಂದು ನೀಲಿ ಡಬ್ಬಿಯನ್ನು ಕಪ್ಲರಿಗೆ ಸಿಕ್ಕಿಸಿದರೆ ಮೊಬೈಲಿನಲ್ಲಿಯೇ ತಪ್ಪಿನ ಗುರುತು ಮೂಡುತ್ತದೆಂದು ಓದಿ, 700 ರೂಪಾಯಿ ಕೊಟ್ಟು ತರಿಸಿದೆ. ತಮ್ಮನಿಗೆ ಹಣ ಉಳಿಸಿಕೊಟ್ಟೆನೆಂಬ ಹೆಮ್ಮೆ ಬೇರೆ. ಈ ಡಬ್ಬಿಯ ಕುಲವನ್ನು ಆಮೇಲೆ ತಿಳಿದುಕೊಂಡೆ, ಮೊದಲೇ ತಿಳಿದುಕೊಳ್ಳಬೇಕಿತ್ತು. ಎಲ್ಮ್ ಎಂಬ ಕೆನಡಾದ ಒಂದು ಸಣ್ಣ ಕಂಪನಿ ಇಂಥ ಡಬ್ಬಿಯೊಳಗಿನ ಮೂಲ ಚಿಪ್ಪನ್ನು ಮಾಡಿತು. ಅದರ ಮೊದಲ ಆವೃತ್ತಿಗೆ ನಕಲಿನ ವಿರುದ್ಧ ಬೀಗ ಹಾಕಿರಲಿಲ್ಲ. ಜಗತ್ತೆಲ್ಲ ಅದನ್ನು ನಕಲು ಮಾಡಿತು. ನಕಲುಗಾರರು ತಮಗೆ ತೋಚಿದ ಆವೃತ್ತಿಯ ಅಂಕೆಯನ್ನು ಬರೆದುಕೊಂಡರು. 1.5 ಎಂದು ಮಾರಾಟವಾಗುವ ಆವೃತ್ತಿಯನ್ನು ಮೂಲ ಕಂಪನಿ ಹೊರಡಿಸಿದ್ದೇ ಇಲ್ಲ. ಆ ಕಂಪನಿ 2022ರಲ್ಲಿ ಬಾಗಿಲು ಹಾಕಿತು, ನಕಲುಗಳು ಇನ್ನೂ ಹುಟ್ಟುತ್ತಲೇ ಇವೆ. ಓಲೆಗರಿಯ ಮೂಲ ಪ್ರತಿ ಕಳೆದುಹೋಗಿ, ಪ್ರತಿಯ ಪ್ರತಿಯ ಪ್ರತಿಯನ್ನು ಹಿಡಿದು ಪಾಠ ಹೇಳುವ ನನಗೆ ಇದು ಅಪರಿಚಿತವಾದ ಕಥೆಯಲ್ಲ.

ಡಬ್ಬಿ ಬಂದ ವಾರದಲ್ಲಿಯೇ 2014ರ ಒಂದು ಡೀಸೆಲ್ ಸ್ವಿಫ್ಟ್ ಬಂತು. ಪಕ್ಕದ ಹಳ್ಳಿಯ ಒಬ್ಬ ಕಬ್ಬಿನ ರೈತರದು. ಮಾರುತಿ ಕಂಪನಿ 2020ರಲ್ಲಿ ಡೀಸೆಲ್ ಕಾರುಗಳನ್ನು ನಿಲ್ಲಿಸಿತಾದರೂ ನಮ್ಮ ಸೀಮೆಯಲ್ಲಿ ಅವು ಇನ್ನೂ ಬಹಳ. ಅದರ ಎಂಜಿನ್ನು ಇಟಲಿಯ ಫಿಯಟ್ಟಿನ ಕೂಸು, 1248 ಸಿ.ಸಿ.ಯದು, ಅದೇ ಎಂಜಿನ್ನು ಟಾಟಾದವರ ಕೆಲವು ಕಾರುಗಳಲ್ಲಿಯೂ ಕುಳಿತಿದೆ. ಹಳದಿ ದೀಪ ಹೊತ್ತಿತ್ತು, ಏರಿನಲ್ಲಿ ಗಾಡಿ ಎಳೆಯುತ್ತಿರಲಿಲ್ಲ. ಅಂದು ಭಾನುವಾರ, ನಾನೂ ಗ್ಯಾರೇಜಿನಲ್ಲಿದ್ದೆ. ಡಬ್ಬಿ ಸಿಕ್ಕಿಸಿದೆವು. ಮೊಬೈಲಿನ ಮೇಲೆ ಪಿ 0087 ಎಂದು ಮೂಡಿತು. ಇಂಧನದ ರೈಲಿನಲ್ಲಿ, ಎಂದರೆ ನಾಲ್ಕೂ ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ಕೊಳವೆಯಲ್ಲಿ, ಒತ್ತಡ ತೀರ ಕಡಿಮೆಯಾಗಿದೆಯೆಂದು ಅರ್ಥ. ನಾನು ಹಾಗೆಯೇ ಕನ್ನಡಿಸಿದೆ. ಅಲ್ಲಿಗೆ ನಿಲ್ಲಿಸಲಿಲ್ಲ, ಟೀಕೆಯನ್ನೂ ಸೇರಿಸಿದೆ: ಒತ್ತಡ ಕೊಡುವುದು ಪಂಪು, ಒತ್ತಡ ಕಡಿಮೆ, ಆದುದರಿಂದ ಪಂಪು ಕೆಟ್ಟಿದೆ.

ತಮ್ಮ ತಲೆ ಕೆರೆದುಕೊಂಡ. “ಹಂಗ ಅನಸೂದಿಲ್ಲ ಅಣ್ಣಾ. ರಾತ್ರಿ ನಿಂತ ಗಾಡಿ ಮುಂಜಾನೆ ಸ್ಟಾರ್ಟ್ ಆಗಾಕ ತ್ರಾಸ ಕೊಡ್ತೈತಿ ಅಂತಾರ. ಎಲ್ಲೋ ಗಾಳಿ ಎಳಿಯಾಕತ್ತೈತಿ.”

“ಯಂತ್ರಾನ ಹೇಳಾಕತ್ತೈತಲ್ಲೋ” ಎಂದೆ ನಾನು. ಅವನು ನನ್ನ ಮುಖ ನೋಡಿ ಸುಮ್ಮನಾದ. 1999ರಲ್ಲಿಯೂ ಅವನು ಹೀಗೆಯೇ ಸುಮ್ಮನಾಗಿದ್ದ.

ಪಂಪು ಬಿಚ್ಚಿ ಬೇರೆ ಊರಿನ ಅಂಗಡಿಗೆ ಹೋಯಿತು, ಒಳಗಿನ ಭಾಗಗಳನ್ನು ಬದಲಿಸಿಕೊಂಡು ಬಂತು, 18,000 ರೂಪಾಯಿ ಆಯಿತು. ಮೂರನೆಯ ದಿನ ಅದೇ ದೀಪ, ಅದೇ ಗುರುತು. ರೈತರು ಕೂಗಾಡುವ ಸ್ವಭಾವದವರಲ್ಲ, ಗಾಡಿ ತಂದು ನಿಲ್ಲಿಸಿ, “ನಿಮ್ಮಣ್ಣಾರು ದೊಡ್ಡ ಸಾಲಿ ಮಾಸ್ತರ ಅಲ್ಲೇನೋ?” ಎಂದಷ್ಟೇ ಕೇಳಿದರಂತೆ. ತಮ್ಮ ಆಗ ಮಾಡಿದ ಕೆಲಸ ಇಷ್ಟು: ಪೇಟೆಯಿಂದ 40 ರೂಪಾಯಿಯ ಪಾರದರ್ಶಕ ಪೈಪು ತಂದು, ಡೀಸೆಲ್ ಫಿಲ್ಟರಿನ ಮುಂದೆ ಕೂಡಿಸಿ, ಎಂಜಿನ್ ಚಾಲೂ ಮಾಡಿ ನೋಡಿದ. ಪೈಪಿನಲ್ಲಿ ಡೀಸೆಲ್ಲಿನ ಜೊತೆಗೆ ಸಾಸಿವೆಯಂತೆ ಗುಳ್ಳೆಗಳು ಓಡುತ್ತಿದ್ದುವು. ಟಾಕಿಯಿಂದ ಬರುವ ರಬ್ಬರಿನ ಕೊಳವೆ ಕ್ಲಿಪ್ಪಿನ ಹತ್ತಿರ ಸೀಳಿತ್ತು. ಪಂಪು ಪಾಪ, ಗಾಳಿಯನ್ನು ಒತ್ತಿ ಒತ್ತಿ ಸೋತಿತ್ತು. ಕೊಳವೆ ಬದಲಾಯಿತು, ಗಾಡಿ ನೆಟ್ಟಗಾಯಿತು. ಪಂಪಿನ ಹಣವನ್ನು ತಮ್ಮ ರೈತರಿಂದ ತೆಗೆದುಕೊಳ್ಳಲಿಲ್ಲ. ನಾನು ಕೊಡಹೋದೆ, “ಇರ್ಲಿ ಬಿಡು” ಎಂದ. ಮತ್ತೊಮ್ಮೆ ಕೊಡಹೋದೆ, ಎದ್ದು ನೀರು ಕುಡಿಯಲು ಹೋದ.

ಅಂದು ರಾತ್ರಿ ನಿದ್ದೆ ಬರಲಿಲ್ಲ. ತರಗತಿಯಲ್ಲಿ ಗ್ರಂಥಸಂಪಾದನೆಯ ಪಾಠ ಮಾಡುವಾಗ ನಾನೇ ಹುಡುಗರಿಗೆ ಹೇಳುತ್ತೇನೆ: ಹಸ್ತಪ್ರತಿಯ ಸಾಲಿನಲ್ಲಿ ಎಲ್ಲೋ ಒಂದು ಅಕ್ಷರ ಬಿದ್ದುಹೋಗಿದೆಯೆಂದು ಛಂದಸ್ಸು ಹೇಳುತ್ತದೆ, ಯಾವ ಅಕ್ಷರವೆಂದು ಹೇಳುವುದಿಲ್ಲ, ಅದಕ್ಕೆ ಕವಿಯ ಭಾಷೆ ಬಲ್ಲವನೇ ಬೇಕು. ಗಾಡಿಯ ಇದಿರಿಗೆ ಬಂದಾಗ ಇಷ್ಟು ವರ್ಷದ ಪಾಠ ನನಗೇ ಮರೆತಿತ್ತು. ಪಿ 0087 ಎಂಬುದು ಸಾಲು ಕೆಟ್ಟಿದೆಯೆಂಬ ದೂರು, ಅಷ್ಟೇ. ಕವಿಯ ಭಾಷೆ ಬಲ್ಲವನು ಪಕ್ಕದಲ್ಲಿಯೇ ನಿಂತಿದ್ದ. ಅವನ ಬಾಯಿಯನ್ನು ನಾನು ಮುಚ್ಚಿಸಿದ್ದೆ.

ಆ ಡಬ್ಬಿಯನ್ನು ಮಾತ್ರ ಬೈದು ಪ್ರಯೋಜನವಿಲ್ಲ. ಅದು ಸುಳ್ಳು ಹೇಳಿರಲಿಲ್ಲ. ಆದರೆ ಅರ್ಧ ಹೇಳಿತ್ತು. ರೈಲಿನಲ್ಲಿ ಈಗ ಎಷ್ಟು ಒತ್ತಡ ಇದೆಯೆಂಬುದನ್ನು ಅದು ತೋರಿಸುತ್ತಿತ್ತು. ಗಣಕ ಎಷ್ಟು ಒತ್ತಡ ಕೇಳುತ್ತಿದೆಯೆಂಬುದನ್ನು ತೋರಿಸುತ್ತಿರಲಿಲ್ಲ. ಕೇಳಿದ್ದು ಎಷ್ಟು, ಸಿಕ್ಕಿದ್ದು ಎಷ್ಟು, ಎರಡೂ ಗೆರೆಗಳು ಒಂದರ ಪಕ್ಕಕ್ಕೊಂದು ಓಡುವುದನ್ನು ನೋಡಿದರೆ, ಸಿಕ್ಕಿದ್ದು ಯಾವಾಗ ಬೀಳುತ್ತದೆ, ನಿಂತಾಗಲೋ, ಏರಿನಲ್ಲೋ, ಬಿಟ್ಟು ಬಿಟ್ಟೋ ಎಂಬುದು ತಿಳಿಯುತ್ತದೆ. ತಮ್ಮನ ಕಿವಿಗೆ ಬೇಕಾದ ಸಾಕ್ಷಿ ಅಂಥದು. ಬ್ರೇಕಿನ ಎ.ಬಿ.ಎಸ್., ಅಪಘಾತದಲ್ಲಿ ಉಬ್ಬುವ ಗಾಳಿಚೀಲ, ಇವುಗಳ ಗಣಕಗಳು ಕಂಪನಿಯ ಸ್ವಂತ ಭಾಷೆಯಲ್ಲಿ ಮಾತಾಡುತ್ತವಾದ್ದರಿಂದ ಆ ಡಬ್ಬಿಗೆ ಅವು ಕಾಣುವುದೇ ಇಲ್ಲ. ಕಪ್ಲರ್ ಒಂದೇ ಆಕಾರದ್ದೆಂದ ಮಾತ್ರಕ್ಕೆ ಮಾತು ಒಂದೇ ಎಂದಲ್ಲ. ಬಾಯಿ ನೋಡಿ ಕನ್ನಡವೋ ಮರಾಠಿಯೋ ಎಂದು ಹೇಳಲಾಗದು. ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಸಲ ಓದುವುದನ್ನು ಬಿಟ್ಟು ತಮ್ಮನನ್ನೇ ಕೇಳಿದೆ: “ನಿನಗ ಏನ ಬೇಕು?” ಅವನು ಒಂದು ತಿಂಗಳ ಪುರುಸೊತ್ತು ಬೇಡಿದ. ಆ ತಿಂಗಳು ಗ್ಯಾರೇಜಿಗೆ ಬಂದ ಪ್ರತಿಯೊಂದು ಗಾಡಿಯನ್ನೂ, ಯಂತ್ರ ಇಲ್ಲದ್ದರಿಂದ ಮುಂದೆ ಹೋದ ಗಾಡಿಯನ್ನೂ ಉದ್ರಿ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದಿಟ್ಟ. ಸ್ವಿಫ್ಟ್, ಡಿಸೈರ್, ಆಲ್ಟೊ, ಈಕೊ, ಬೊಲೆರೊ, ಬೊಲೆರೊ, ಮತ್ತೆ ಬೊಲೆರೊ, ಟಾಟಾ ಏಸ್. ಹ್ಯುಂಡೈ ಮೂರು, ಟೊಯೊಟಾ ಎರಡು. ಜರ್ಮನಿಯ ಗಾಡಿ ಒಂದೂ ಇಲ್ಲ. ಹೊಸ ಸಂಗತಿ ಒಂದು ಹೊರಬಿತ್ತು: ತಪ್ಪಿ ಹೋದ ಗಾಡಿಗಳಲ್ಲಿ ಹೆಚ್ಚಿನವು 2020ರ ಈಚಿನ ಬಿ.ಎಸ್. 6 ಡೀಸೆಲ್ಲುಗಳು. ಅವುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಫಿಲ್ಟರ್ ಇರುತ್ತದೆ. ಹೆದ್ದಾರಿಯಲ್ಲಿ ಒಂದೇ ಸಮನೆ ಓಡಿದರೆ ಅದು ಕಾಯ್ದು ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಹೊಲಕ್ಕೂ ಸಂತೆಗೂ ಎರಡೆರಡು ಮೈಲಿ ಓಡಾಡುವ ಗಾಡಿಗೆ ಆ ಕಾವು ಏರುವುದಿಲ್ಲ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಆಗ ಗಾಡಿಯನ್ನು ನಿಲ್ಲಿಸಿ, ಯಂತ್ರದಿಂದ ಆಜ್ಞೆ ಕೊಟ್ಟು ಮಸಿಯನ್ನು ಸುಡಿಸಬೇಕು. ಓದುವ ಯಂತ್ರಕ್ಕೆ ಆಜ್ಞೆ ಕೊಡುವ ಬಾಯಿಯೂ ಬೇಕು. ಹಾಗೆಯೇ ಕೆಲವು ಡೀಸೆಲ್ ಎಂಜಿನ್ನುಗಳಲ್ಲಿ ಹೊಸ ಇಂಜೆಕ್ಟರ್ ಹಾಕಿದರೆ ಅದರ ತಲೆಯ ಮೇಲೆ ಅಚ್ಚಾಗಿರುವ ಅಂಕೆಯನ್ನು ಗಣಕಕ್ಕೆ ಬರೆದು ತಿಳಿಸಬೇಕು; ಇಲ್ಲವಾದರೆ ಮನೆಗೆ ಬಂದ ಹೊಸ ಸೊಸೆಯ ಹೆಸರೇ ಗೊತ್ತಿಲ್ಲದಂತೆ ಅದು ತಡವರಿಸುತ್ತದೆ. ನಾನು ಮೊದಲ ಸಲ ಮಾಡಿಕೊಂಡ ಪಟ್ಟಿಯಲ್ಲಿ ಇವೆರಡೂ ಇರಲಿಲ್ಲ.

ತಿಂಗಳು ಮುಗಿದ ಮೇಲೆ ನಾವಿಬ್ಬರೂ ನಿಪ್ಪಾಣಿ ದಾಟಿ ಕೊಲ್ಲಾಪುರಕ್ಕೆ ಹೋದೆವು. ಹೋಗುವಾಗ ತಮ್ಮ ಒಬ್ಬ ಗೆಳೆಯನ ಬೊಲೆರೊ ಎರವಲು ತಂದ. ಅಂಗಡಿಯ ಹೊರಗೆ ನಿಲ್ಲಿಸಿ, ಬಾನೆಟ್ಟು ಎತ್ತಿ, ಒಳಗೆ ಏನನ್ನೋ ಮಾಡಿ ಮುಚ್ಚಿದ. ಕೇಳಿದರೆ, “ಗಾಳಿ ಅಳಿಯೂ ಸೆನ್ಸರಿನ ಕಪ್ಲರ್ ತಗದೇನಿ. ನೋಡೂಣು, ಯಾವುದು ಹಿಡೀತೈತಿ” ಎಂದ. ಉತ್ತರ ಗೊತ್ತಿರುವ ಪ್ರಶ್ನೆಯನ್ನು ಕೇಳಿ ಪರೀಕ್ಷಿಸುವುದು ನನ್ನ ವೃತ್ತಿಯ ಉಪಾಯ. ಅದು ನನಗೆ ಹೊಳೆಯಲಿಲ್ಲ, ಅವನಿಗೆ ಹೊಳೆಯಿತು.

ಅಂಗಡಿಯವರು ಮೊದಲು ತೋರಿಸಿದ್ದು ಅತ್ಯಂತ ಬೆಲೆಯುಳ್ಳದ್ದು. ಜಗತ್ತಿನ ನೂರಾರು ಕಂಪನಿಗಳ ಲಾಂಛನಗಳು ಪರದೆಯ ಮೇಲೆ ಸಾಲಾಗಿ ನಿಂತಿದ್ದುವು. “ಇಷ್ಟೆಲ್ಲಾ ನಮ್ಮೂರಿಗೆ ಯಾರ ತರ್ತಾರ್ರೀ? ಮಹೀಂದ್ರ ತಗೀರಿ” ಎಂದ ತಮ್ಮ. ಬೊಲೆರೊದ ಎಂಜಿನ್ನನ್ನು ಅದು ಚೆನ್ನಾಗಿಯೇ ಓದಿತು. ಎರಡನೆಯದು ಅಗ್ಗದ್ದು, ಐದು ನಿಮಿಷ ತಿರುಗಿ ತಿರುಗಿ, ಸಂಪರ್ಕ ಸಿಗಲಿಲ್ಲವೆಂದು ಕೈಚೆಲ್ಲಿತು. ಮೂರನೆಯದು ನಡುವಿನ ಬೆಲೆಯದು. ಸೆನ್ಸರನ್ನು ಹಿಡಿಯಿತು, ಎ.ಬಿ.ಎಸ್. ಓದಿತು, ಒತ್ತಡದ ಎರಡೂ ಗೆರೆಗಳನ್ನು ಬಿಡಿಸಿ ತೋರಿಸಿತು. ತಮ್ಮ ಆ ಗೆರೆಗಳನ್ನು ನೋಡುತ್ತ, ಎಕ್ಸಿಲರೇಟರ್ ಒತ್ತಿ ಬಿಟ್ಟು, ಬಹಳ ಹೊತ್ತು ನಿಂತ. ಎಂಜಿನ್ನಿಗೆ ಕಿವಿಗೊಟ್ಟಾಗ ಅವನ ಮುಖದಲ್ಲಿ ಬರುವ ಕಳೆಯನ್ನು ಅಂದು ಅವನು ಪರದೆಯನ್ನು ನೋಡುವಾಗ ಮೊದಲ ಸಲ ಕಂಡೆ.

ವ್ಯಾಪಾರದ ಮಾತಿನಲ್ಲಿಯೂ ಅವನದೇ ಪ್ರಶ್ನೆಗಳು. ಹೊಸ ಗಾಡಿಗಳ ಮಾಹಿತಿಯನ್ನು ಎಷ್ಟು ವರ್ಷ ಪುಕ್ಕಟೆ ಕೊಡುತ್ತೀರಿ? ಆ ಅವಧಿ ಮುಗಿದು ನಾನು ಹಣ ಕಟ್ಟದಿದ್ದರೆ ಹಳೆಯ ಗಾಡಿಗಳನ್ನಾದರೂ ಅದು ಓದುತ್ತದೆಯೋ, ಪೂರಾ ಬಾಯಿ ಮುಚ್ಚುತ್ತದೆಯೋ? ಕೇಬಲ್ ಹರಿದರೆ ಇಲ್ಲಿ ಸಿಕ್ಕುತ್ತದೆಯೋ? ಅಂಗಡಿಯವರು ಎರಡು ವರ್ಷ ಪುಕ್ಕಟೆಯೆಂದೂ, ಆಮೇಲೆಯೂ ಇದ್ದದ್ದು ಇರುತ್ತದೆಂದೂ ಹೇಳಿದರು. ತಮ್ಮ ಅದನ್ನು ಬಿಲ್ಲಿನ ಮೇಲೆ ಬರೆಸಿದ. ಇನ್ನಷ್ಟು ಹಣ ಹಾಕಿದರೆ ಕಳೆದ ಚಾವಿಗೆ ಬದಲಿ ಚಾವಿ ಮಾಡುವ ವಿದ್ಯೆಯೂ ಬರುತ್ತದೆಂದಾಗ, “ಅದು ಬ್ಯಾಡ್ರಿ, ರಾತ್ರಿ ನಿದ್ದಿ ಬೇಕು ನನಗ” ಎಂದುಬಿಟ್ಟ. ಯಂತ್ರದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಮುಂದಿನ ವರ್ಷ ಅದಕ್ಕಿಂತ ಒಳ್ಳೆಯದು ಬಂದಿರುತ್ತದೆ, ಮತ್ತು ಬೇರೆ ಊರಿನ ಗ್ಯಾರೇಜಿಗೆ ಬರುವ ಗಾಡಿಗಳು ಬೇರೆ. ಬೆಲೆ 52,000 ಆಯಿತು. ಪೂರ್ತಿ ನಾನೇ ಕೊಡುತ್ತೇನೆಂದು ಹಟ ಹಿಡಿದೆ. ಅವನು ಒಪ್ಪಲಿಲ್ಲ. ಕಡೆಗೆ ಅರ್ಧ ಅರ್ಧ ಎಂದಾಯಿತು, 26,000 ಕೊಟ್ಟೆ.

ಈಗ ಯಂತ್ರ ಗ್ಯಾರೇಜಿನ ಗೋಡೆಯ ಮೇಲೆ, ಪಾನಾಗಳ ಸಾಲಿನಲ್ಲಿ ಒಂದು ಮೊಳೆಗೆ ತೂಗುತ್ತಿದೆ. ಪಕ್ಕದ ಮೊಳೆಯಲ್ಲಿ ಆ ಪಾರದರ್ಶಕ ಪೈಪು. ಭಾನುವಾರ ನಾನು ಹೋದರೆ ತಮ್ಮ ಒಂದು ನೋಟುಬುಕ್ಕು ಮುಂದಿಡುತ್ತಾನೆ. ವಾರದಲ್ಲಿ ಕಂಡ ಗುರುತುಗಳನ್ನು ಬರೆದಿರುತ್ತಾನೆ. ಎಡಗಡೆ ನಾನು ಅವುಗಳ ಅರ್ಥವನ್ನು ಕನ್ನಡದಲ್ಲಿ ಬರೆಯುತ್ತೇನೆ. ಬಲಗಡೆ ಅವನು, ಅದು ಕಡೆಗೆ ಏನಾಗಿತ್ತು ಎಂಬುದನ್ನು ಬರೆಯುತ್ತಾನೆ. ಎಡಗಡೆಯ ಒಂದೇ ಸಾಲಿಗೆ ಬಲಗಡೆ ಕೆಲವೊಮ್ಮೆ ನಾಲ್ಕು ಸಾಲುಗಳಿವೆ. ಇಲಿ ಕಡಿದ ವೈರು ಎಂಬುದಂತೂ ಪುಟಕ್ಕೊಂದು ಸಲ ಬರುತ್ತದೆ. ಕಬ್ಬಿನ ಹೊಲದ ಬದಿಗೆ ಗಾಡಿ ನಿಲ್ಲಿಸುವ ಊರು ನಮ್ಮದು.

ಮೊನ್ನೆ ಆ ನೋಟುಬುಕ್ಕು ಹುಡುಕುವಾಗ ಉದ್ರಿ ಪುಸ್ತಕ ಕೈಗೆ ಬಂತು. ಸಾಮಾನಿನ ಖರ್ಚಿನ ಹಾಳೆಯಲ್ಲಿ ಅವನ ದುಂಡಗಿನ ಅಕ್ಷರದಲ್ಲಿ ಹೀಗಿತ್ತು: ಸ್ಕ್ಯಾನರ್ 52,000. ಪಂಪು 18,000. ಪೈಪು 40. ಒಟ್ಟು 70,040. ಅದರ ಕೆಳಗೆ: ಅರ್ಧಾ ಅಣ್ಣಂದು, 35,020. ಬಂದದ್ದು 26,000. ಬಾಕಿ 9,020.

“ಪಂಪಿಂದ ಯಾಕೋ ಸ್ಕ್ಯಾನರಿನ ಲೆಕ್ಕದಾಗ?” ಎಂದೆ.

ಅವನು ಗಾಡಿಯ ಕೆಳಗೆ ಮಲಗಿದ್ದ. ಅಲ್ಲಿಂದಲೇ, “ಪಂಪ ಬಿಚ್ಚಲಿಲ್ಲಂದ್ರ ಇದನ್ನ ಆರಿಸಾಕ ಹೆಂಗ ಬರ್ತಿತ್ತು ಅಣ್ಣಾ? ಅದೂ ಇದರ ಖರ್ಚ ಅಲ್ಲೇನ?” ಎಂದ.

ಮರುದಿನ ಕಾಲೇಜಿಗೆ ಹೋಗುವ ಮೊದಲು 9,020 ರೂಪಾಯಿ ಒಯ್ದು ಕೊಟ್ಟೆ. ಈ ಸಲ ಅವನು ನೀರು ಕುಡಿಯಲು ಏಳಲಿಲ್ಲ. ಕೈಯ ಎಣ್ಣೆಯನ್ನು ಚಿಂದಿಗೆ ಒರೆಸಿ, ನೋಟುಗಳನ್ನು ಎರಡು ಸಲ ಎಣಿಸಿ, ಪುಸ್ತಕ ತೆರೆದು ಜಮಾ ಎಂದು ಬರೆದುಕೊಂಡ.